ಹಳೇ ವಿ-ಕ್ರಾಸ್ ಕೊಂಡು 14 ತಿಂಗಳು: ಗಾಡಿ ಹೇಗಿದೆ, ಕೊಳ್ಳುವ ಮುಂಚೆ ಏನೇನು ನೋಡಿದೆ

ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. 2017ರ ಮಾಡೆಲ್, 2.5 ಲೀಟರ್ ಡೀಸೆಲ್, 5 ಗೇರು, ಫೋರ್ ಬೈ ಫೋರ್, ಅಂದ್ರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಹುದು. ಹೋದ ವರ್ಷ, ಅಂದ್ರೆ 2024ರ ಮೇ ತಿಂಗಳಲ್ಲಿ, 82 ಸಾವಿರ ಕಿಲೋಮೀಟರ್ ಓಡಿದ್ದನ್ನು 11 ಲಕ್ಷದ 40 ಸಾವಿರಕ್ಕೆ ತಗೊಂಡೆ. ಈಗ ಮೀಟರ್ 99 ಸಾವಿರ ದಾಟಿದೆ. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಕೊಯ್ಲು ಇದರಲ್ಲೇ ಕಳೆದಿದೆ. ಗಾಡಿ ನನಗೆ ತುಂಬಾ ಇಷ್ಟವಾಗಿದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇದೇ ಮಾಡೆಲ್‌ನ ಇನ್ನೆರಡು ಗಾಡಿ ನೋಡಿ ಬೇಡ ಅಂತ ವಾಪಸ್ ಬಂದಿದ್ದೆ. ಅವುಗಳಲ್ಲಿ ಯಾವುದಾದರೂ ಒಂದನ್ನು ತಗೊಂಡಿದ್ದರೆ ಇವತ್ತು ಬೇರೆ ಥರದ್ದೇ ಬರೆಯುತ್ತಿದ್ದೆ. ಹಾಗಾಗಿ ಗಾಡಿ ಬಗ್ಗೆ ಎಷ್ಟು ಹೇಳಬೇಕೋ, ಕೊಂಡ ಬಗೆಯ ಬಗ್ಗೆಯೂ ಅಷ್ಟೇ ಹೇಳಬೇಕು.

ನಮ್ಮದು ಮೂಡಿಗೆರೆ ಕಡೆ. 9 ಎಕರೆ ಕಾಫಿ, ಮರಕ್ಕೆಲ್ಲ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಸ್ವಲ್ಪ ಅಡಿಕೆ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ಇಬ್ಬರು ಮಕ್ಕಳು. ಇಷ್ಟು ದಿನ ಒಂದು ಸಣ್ಣ ಕಾರು ಇತ್ತು, ಸಾಮಾನಿಗೆ ಬಾಡಿಗೆ ಪಿಕಪ್ ಕರೆಯುತ್ತಿದ್ದೆವು. ಕೊಯ್ಲಿನ ಸಮಯದಲ್ಲಿ ಬಾಡಿಗೆ ಗಾಡಿಗೆ ಎಷ್ಟು ಪರದಾಟ ಅಂತ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಎಲ್ಲರಿಗೂ ಒಂದೇ ವಾರ ಬೇಕು. ಇನ್ನು ಮಳೆಗಾಲದಲ್ಲಿ ನಮ್ಮ ಮನೆಯ ಮಣ್ಣು ರಸ್ತೆಗೆ ಕಾರು ಇಳಿಯುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಜನ ಕೂರಬೇಕು, ಗೊಬ್ಬರದ ಚೀಲವೂ ಹೋಗಬೇಕು, ಕೆಸರಿನಲ್ಲೂ ಹತ್ತಬೇಕು. ಈ ಮೂರೂ ಬೇಕು ಅಂದರೆ ಎರಡು ಸಾಲು ಸೀಟು, ಹಿಂದೆ ತೊಟ್ಟಿ ಇರುವ ಡಬಲ್ ಕ್ಯಾಬ್ ಪಿಕಪ್ ಬಿಟ್ಟು ಬೇರೆ ದಾರಿ ಇಲ್ಲ.

ಅಪ್ಪನ ವೋಟು ಬೊಲೆರೊ ಕ್ಯಾಂಪರ್‌ಗೆ. "ಸ್ಪಾನರ್ ಹಿಡಿಯಲು ಬರುವ ಯಾರು ಬೇಕಾದರೂ ರಿಪೇರಿ ಮಾಡ್ತಾರೆ, ಅದನ್ನೇ ತಗೋ" ಅಂದರು. ಅವರ ಮಾತು ಸುಳ್ಳಲ್ಲ. ಕ್ಯಾಂಪರ್ ಗಟ್ಟಿ ಗಾಡಿ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಹಳದಿ ಬೋರ್ಡ್. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಸಾಮಾನು ಸಾಗಿಸುವುದೇ ಮುಖ್ಯ ಕೆಲಸ ಆಗಿದ್ದರೆ ನಾನೂ ಅದನ್ನೇ ತಗೋತಿದ್ದೆ. ಸ್ಕಾರ್ಪಿಯೋ ಗೆಟ್‌ಅವೇ, ಟಾಟಾ ಜೆನಾನ್ ಎರಡನ್ನೂ ವಿಚಾರಿಸಿದೆ. ಎರಡೂ ಈಗ ಹೊಸದಾಗಿ ಬರುತ್ತಿಲ್ಲ, ಸಿಗುವವು ಬಹಳ ದುಡಿದ ಗಾಡಿಗಳು. ಟೊಯೋಟ ಹೈಲಕ್ಸ್ 2022ರಲ್ಲಿ ಬಂದಿದ್ದು, ಹಳೇದಕ್ಕೂ ನಮ್ಮ ಕೈಗೆಟುಕದ ಬೆಲೆ ಹೇಳುತ್ತಾರೆ. ಕೊನೆಗೆ ಉಳಿದಿದ್ದು ವಿ-ಕ್ರಾಸ್. 2016ರಲ್ಲಿ ನಮ್ಮ ದೇಶದಲ್ಲಿ ಬಿಟ್ಟರು, ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ, ಬಿಳಿ ಬೋರ್ಡ್‌ನಲ್ಲೇ ರಿಜಿಸ್ಟರ್ ಆಗುತ್ತದೆ.

ಇಸುಜು ಅಂದ ಕೂಡಲೇ ಅಪ್ಪ ಸ್ವಲ್ಪ ಮೆತ್ತಗಾದರು. ಯಾಕಂದ್ರೆ ಅವರ ಕಾಲದ ಅಂಬಾಸಡರ್ 1800ಕ್ಕೂ, ಕಾಂಟೆಸ್ಸಾಕ್ಕೂ ಬಂದಿದ್ದು ಇಸುಜು ಎಂಜಿನ್ನೇ. ಆ ಅಂಬಾಸಡರ್ ಘಾಟಿ ಹತ್ತುತ್ತಿದ್ದ ರೀತಿಯನ್ನು ಅವರು ಇವತ್ತಿಗೂ ಬಾಯಿತುಂಬ ಹೇಳುತ್ತಾರೆ.

ಬಿಎಸ್4 ತಗೊಳ್ಳೋದಾ, ಬಿಎಸ್6 ತಗೊಳ್ಳೋದಾ ಅನ್ನೋ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಇವು ಗಾಡಿಯ ಹೊಗೆಗೆ ಸರ್ಕಾರ ಇಟ್ಟಿರುವ ಮಿತಿಗಳು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು. ವಿ-ಕ್ರಾಸ್‌ನಲ್ಲಿ 2.5 ಲೀಟರ್ ಎಂಜಿನ್ ಹೋಗಿ 1.9 ಲೀಟರ್ ಬಂತು. ಆ 1.9ಕ್ಕೆ 163 ಕುದುರೆ ಶಕ್ತಿ, ನಮ್ಮ 2.5ಕ್ಕೆ 136. ಓಡಿಸಲು ಹೊಸದೇ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಎಸ್6 ಡೀಸೆಲ್‌ಗೆ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನೋ ಜಾಲರಿ ಇರುತ್ತದೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡು, ಗಾಡಿ ಉದ್ದ ರಸ್ತೆಯಲ್ಲಿ ಬಿಸಿಯಾಗಿ ಓಡುವಾಗ ಸುಟ್ಟು ಹಾಕುತ್ತದೆ. ತೋಟದಿಂದ ಊರಿಗೆ, ಊರಿಂದ ತೋಟಕ್ಕೆ ಅಂತ ಮೂರು ನಾಲ್ಕು ಕಿಲೋಮೀಟರ್ ಓಡಾಟವೇ ಜಾಸ್ತಿ ಇದ್ದರೆ ಮಸಿ ಸುಡೋದೇ ಇಲ್ಲ, ತುಂಬಿಕೊಳ್ಳುತ್ತಾ ಹೋಗುತ್ತದೆ. ನಮ್ಮ ಓಡಾಟ ಹೆಚ್ಚಿನದು ಅಂಥದ್ದೇ. ಅದಕ್ಕೇ ಬಿಎಸ್4 ಸಾಕು ಅಂತ ತೀರ್ಮಾನ ಮಾಡಿದೆ. ವಾರ ವಾರ ಬೆಂಗಳೂರಿಗೆ ಹೋಗಿ ಬರುವವರಿಗೆ ಈ ತೊಂದರೆ ಇರಲ್ಲ, ಅಂಥವರು ಬಿಎಸ್6 ನೋಡಬಹುದು.

ಮೊದಲ ಗಾಡಿ ಸಿಕ್ಕಿದ್ದು ಕರಾವಳಿಯಲ್ಲಿ. ಕೆಂಪು ಬಣ್ಣ, ಹೊಳೆಯುತ್ತಿತ್ತು. ನಾನು ಒಬ್ಬನೇ ಹೋಗಿದ್ದರೆ ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಿದ್ದೆನೋ ಏನೋ. ಪುಣ್ಯಕ್ಕೆ ನಮ್ಮೂರಿನ ಡೀಸೆಲ್ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ವಯಸ್ಸಾದವರು, ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತೇವೆ. ಅವರು ಬಾನೆಟ್ ಕಡೆ ಹೋಗಲೇ ಇಲ್ಲ. ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಸೀದಾ ಹಿಂದಿನ ಚಕ್ರದ ಹತ್ತಿರ ಗಾಡಿ ಅಡಿಗೆ ಹೋದರು. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ಅವರು ಸ್ಕ್ರೂಡ್ರೈವರ್‌ನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಬಂದರು. ಟಣ್ ಟಣ್ ಟಣ್ ಅಂತ ಬರುತ್ತಿದ್ದ ಸದ್ದು ಲೀಫ್ ಸ್ಪ್ರಿಂಗ್ (ಹಿಂದಿನ ಭಾರ ಹೊರುವ ಉಕ್ಕಿನ ಪಟ್ಟಿಗಳು) ಕೂರುವ ಬ್ರಾಕೆಟ್ ಹತ್ತಿರ ಡಬ್ ಅಂತ ಆಯಿತು. ಸ್ಕ್ರೂಡ್ರೈವರ್ ತಿರುಗಿಸಿ ತುದಿಯಿಂದ ಒತ್ತಿದರು. ಕಪ್ಪು ಬಣ್ಣದ ಪದರ ಚಕ್ಕೆ ಎದ್ದು ಒಳಗಿಂದ ತುಕ್ಕು ಅವರ ಎದೆಯ ಮೇಲೆ ಪುಡಿಪುಡಿಯಾಗಿ ಉದುರಿತು. ತುದಿ ಅರ್ಧ ಬೆರಳಷ್ಟು ಒಳಗೆ ಹೋಗಿತ್ತು. ಹೊರಗೆ ಬಂದು ಅಂಗಿ ಕೊಡವಿಕೊಂಡು, "ಮಾರಾಯ್ರೆ, ಇದು ಬೇಡ" ಅಂದರು, ಅಷ್ಟೇ. ಉಪ್ಪುಗಾಳಿಯ ಊರಿನಲ್ಲಿ ನಿಂತ ಗಾಡಿಗೆ ಹೀಗಾಗುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಅನ್ನೋ ಮಾತು ನನಗೆ ಅವತ್ತು ಕಣ್ಣಾರೆ ಕಂಡಿತು. ಕಾರಿಗಾದರೆ ಬಾಡಿಯೇ ಚಾಸಿ. ಪಿಕಪ್‌ಗೆ ಹಾಗಲ್ಲ, ಏಣಿಯಂಥ ಚಾಸಿ ಕೆಳಗೆ ಬೇರೆಯೇ ಇರುತ್ತದೆ, ಕ್ಯಾಬಿನ್ ಮತ್ತು ಹಿಂದಿನ ತೊಟ್ಟಿ ಅದರ ಮೇಲೆ ಕೂತಿರುತ್ತವೆ. ಆ ಏಣಿ ಹೋಯಿತು ಅಂದರೆ ಗಾಡಿಯೇ ಹೋದ ಹಾಗೆ. ಹೊಸದಾಗಿ ಕಪ್ಪು ಬಣ್ಣ ಹೊಡೆದ ಚಾಸಿ ಕಂಡರೆ ಖುಷಿ ಪಡಬೇಡಿ, ಅನುಮಾನ ಪಡಿ.

ಎರಡನೆಯದು ಬೆಂಗಳೂರಿನ ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ. ಹೆಸರು ಬೇಡ. 2018ರ ಗಾಡಿ, 46 ಸಾವಿರ ಕಿಲೋಮೀಟರ್, ಒಬ್ಬರೇ ಓನರ್ ಅಂದರು. ಒಳಗೆ ಕೂತಾಗಲೇ ಏನೋ ಸರಿ ಅನ್ನಿಸಲಿಲ್ಲ. ಕ್ಲಚ್ ಪೆಡಲ್ಲಿನ ರಬ್ಬರ್ ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು, ಸ್ಟೀರಿಂಗ್ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿತ್ತು. 46 ಸಾವಿರಕ್ಕೆ ಇಷ್ಟೆಲ್ಲ ಸವೆಯಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದಲ್ಲ, ಉದಾಹರಣೆಗೆ 2317 ಅಂದರೆ 2017ನೇ ಇಸವಿಯ 23ನೇ ವಾರ ತಯಾರಾಗಿದ್ದು ಅಂತ, ಅದನ್ನು ನೋಡಿದರೆ ನಾಲ್ಕೂ ಟೈರ್ 2022ರವು. ಗಾಡಿ ಜೊತೆ ಬಂದ ಟೈರ್ ಅಷ್ಟು ಬೇಗ ಮುಗಿಯಿತಾ ಅಂತ ಕೇಳಿದೆ, ಉತ್ತರ ಸರಿಯಾಗಿ ಬರಲಿಲ್ಲ. ಬಾನೆಟ್ ಎತ್ತಿದಾಗ ಮೂಲೆಯಲ್ಲಿ ಯಾವುದೋ ಗ್ಯಾರೇಜಿನ ಸಣ್ಣ ಸ್ಟಿಕ್ಕರ್ ಅಂಟಿತ್ತು. ಎಂಜಿನ್ ಆಯಿಲ್ ಬದಲಿಸಿದ ದಿನಾಂಕ, ಕೆಳಗೆ ಬಾಲ್ ಪೆನ್ನಿನಲ್ಲಿ "ಮುಂದಿನ ಸರ್ವಿಸ್ 1,20,000". ಮೀಟರ್ ತಿರುಗಿಸಿದವರು ಆ ಸ್ಟಿಕ್ಕರ್ ಕೀಳುವುದನ್ನು ಮರೆತಿದ್ದರು. ಆಮೇಲೆ ಆರ್‌ಸಿ ತೆಗೆಸಿ ನೋಡಿದೆ. ಓನರ್ ಸೀರಿಯಲ್ ಅನ್ನೋ ಜಾಗದಲ್ಲಿ 3 ಅಂತ ಇತ್ತು. ಬಸ್ ಹತ್ತಿ ಊರಿಗೆ ಬಂದೆ. ನನಗೆ ನಿಜವಾಗಿ ನೋವಾಗಿದ್ದು ಮೀಟರ್ ವಿಷಯಕ್ಕಲ್ಲ. 1 ಲಕ್ಷ 20 ಸಾವಿರ ಓಡಿದೆ ಅಂತ ನೇರವಾಗಿ ಹೇಳಿ ಅದಕ್ಕೆ ತಕ್ಕ ಬೆಲೆ ಕೇಳಿದ್ದರೆ ನಾನು ಕೂತು ಮಾತಾಡುತ್ತಿದ್ದೆ. ಡೀಸೆಲ್ ಪಿಕಪ್‌ಗೆ ಅದೇನು ದೊಡ್ಡ ಓಟ ಅಲ್ಲ. ಮೀಟರಿನಲ್ಲೇ ಮೋಸ ಮಾಡಿದವರು ಆಯಿಲ್ಲು, ಬೆಲ್ಟು, ಆಕ್ಸಿಡೆಂಟ್ ವಿಷಯದಲ್ಲಿ ಇನ್ನೇನು ಹೇಳಿಯಾರು?

ಮಧ್ಯೆ ಒಂದು ದೆಹಲಿ ಗಾಡಿಯೂ ಬಂದಿತ್ತು, ಬೆಲೆ ಬಹಳ ಕಡಿಮೆ. ಆಗ ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಇದ್ದುದರಿಂದ ಆ ವಯಸ್ಸಿಗೆ ಹತ್ತಿರ ಬಂದ ಗಾಡಿಗಳನ್ನು ದಕ್ಷಿಣಕ್ಕೆ ಮಾರುತ್ತಿದ್ದರು. ಎನ್‌ಒಸಿ ತರಿಸಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ನಂಬರ್ ಬದಲಿಸಬೇಕು. ಲೆಕ್ಕ ಹಾಕಿದರೆ ಉಳಿಯೋದು ಏನೂ ಇರಲಿಲ್ಲ. ಬಿಟ್ಟೆ.

ಕೊನೆಗೆ ಕೊಂಡ ಗಾಡಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಕೆಲಸದವರದ್ದು. ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ಗಾಡಿ ಹಿಡಿಸುತ್ತಿಲ್ಲ, ಮೂತಿ ಹೊರಗೆ ಬರುತ್ತದೆ ಅಂತ ದಿನಾ ಜಗಳ, ಅದಕ್ಕೆ ಮಾರುತ್ತಿದ್ದೇನೆ ಅಂದರು. 5.3 ಮೀಟರ್ ಉದ್ದದ ಗಾಡಿ, ನಂಬುವಂಥ ಕಾರಣವೇ. ಹಿಂದಿನ ದಿನವೇ ಫೋನ್ ಮಾಡಿ, "ಸಾರ್, ನಾವು ಬರುವವರೆಗೂ ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ" ಅಂತ ಕೇಳಿಕೊಂಡೆ. ಬೆಳಗ್ಗೆ ಆರೂವರೆಗೆ ನಾನು, ಮೆಕ್ಯಾನಿಕ್ ಅಣ್ಣ ಅಲ್ಲಿದ್ದೆವು. ಅಣ್ಣ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಡೀಸೆಲ್ ಎಂಜಿನ್‌ನ ಕಾಯಿಲೆ ಗೊತ್ತಾಗೋದು ತಣ್ಣಗಿದ್ದಾಗಲೇ. ಒಮ್ಮೆ ಬಿಸಿಯಾಯಿತು ಅಂದರೆ ಸೋತ ಎಂಜಿನ್ನೂ ಚೆನ್ನಾಗಿಯೇ ಓಡುತ್ತದೆ.

ಕೀಲಿ ತಿರುಗಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ಹೀಟರ್ ಲೈಟ್ ಆರುವವರೆಗೆ ಕಾದು ಸ್ಟಾರ್ಟ್ ಮಾಡಿದೆ. ಒಂದೇ ಸುತ್ತಿಗೆ ಹಿಡಿಯಿತು. ಅಣ್ಣ ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೊದಲು ಸ್ವಲ್ಪ ಬೂದು ಹೊಗೆ ಬಂತು, ಎಣಿಸಿ ಹತ್ತರೊಳಗೆ ನಿಂತಿತು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು, ಇಲ್ಲವೇ ಇಂಜೆಕ್ಟರ್ ಸರಿ ಇಲ್ಲ. ಎಕ್ಸಲರೇಟರ್ ಒತ್ತಿದಾಗ ದಪ್ಪ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಹೋಗುತ್ತಿದೆ. ಆಮೇಲೆ ಐಡಲಿಂಗ್‌ನಲ್ಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಹಾಗೇ ತೂತಿನ ಮೇಲೆ ತಲೆಕೆಳಗಾಗಿ ಇಟ್ಟರು. ಮುಚ್ಚಳ ಸ್ವಲ್ಪ ನಡುಗಿತು, ಆದರೆ ಹಾರಲಿಲ್ಲ, ಕುಣಿಯಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಒಳಗಿನ ಒತ್ತಡಕ್ಕೆ ಆ ಮುಚ್ಚಳ ಎಗರಿ ಬೀಳುತ್ತದಂತೆ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ. ಯಾವ ಹಳೇ ಡೀಸೆಲ್ ಗಾಡಿ ನೋಡಲು ಹೋದರೂ ಇದನ್ನು ಮಾಡಿ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದಿಂದ ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಪೈಪಿನ ಸಂದಿನಲ್ಲಿ ಬೆರಳಾಡಿಸಿದರು, ಆಯಿಲ್ ಸ್ವಲ್ಪ ಒದ್ದೆ ಇತ್ತು, ಸೋರುವಷ್ಟು ಇರಲಿಲ್ಲ.

ತೊಟ್ಟಿಯಲ್ಲಿ ಪ್ಲಾಸ್ಟಿಕ್ ಲೈನರ್ ಹಾಕಿದ್ದರು. ಅದನ್ನು ಬಿಚ್ಚಿ ತೋರಿಸಿ ಅಂದಾಗ ಅವರಿಗೆ ಸ್ವಲ್ಪ ಬೇಸರವಾಯಿತು, ಆದರೂ ಬಿಚ್ಚಿಸಿದರು. ಲೈನರ್ ಅಡಿಯಲ್ಲಿ ನೀರು, ಮಣ್ಣು ನಿಂತು ತುಕ್ಕು ಹಿಡಿಯೋದು ಹೊರಗೆ ಯಾರಿಗೂ ಕಾಣಲ್ಲ. ಇದರಲ್ಲಿ ಬಣ್ಣ ಹೊಸದರ ಹಾಗೆ ಇತ್ತು, ಒಂದೇ ಒಂದು ಗೀರು. ಅಂದರೆ ಈ ತೊಟ್ಟಿ ಭಾರ ಹೊತ್ತೇ ಇಲ್ಲ. ಲೀಫ್ ಸ್ಪ್ರಿಂಗ್ ಕೂಡ ಎರಡೂ ಕಡೆ ಸಮವಾಗಿ ಬಾಗಿ ನಿಂತಿತ್ತು. ಮೀಟರು ಸುಳ್ಳು ಹೇಳಬಹುದು, ತೊಟ್ಟಿ ಹೇಳಲ್ಲ. ಪಿಕಪ್ ಏನು ಕೆಲಸ ಮಾಡಿದೆ, ಎಷ್ಟು ಹೊತ್ತಿದೆ ಅನ್ನೋದು ತೊಟ್ಟಿಯ ನೆಲ, ಹಿಂದಿನ ಬಾಗಿಲಿನ ಒಳಮೈ, ಲೀಫ್ ಸ್ಪ್ರಿಂಗ್, ಈ ಮೂರರಲ್ಲಿ ಬರೆದಿಟ್ಟ ಹಾಗೆ ಇರುತ್ತದೆ.

ತೊಂದರೆ ಕಂಡಿದ್ದು ಫೋರ್ ಬೈ ಫೋರ್‌ನಲ್ಲಿ. ಇದರಲ್ಲಿ ಗೇರ್ ಪಕ್ಕ ಒಂದು ಗುಂಡಿ ಇದೆ, 2ಎಚ್, 4ಎಚ್, 4ಎಲ್ ಅಂತ ತಿರುಗಿಸುವುದು. 2ಎಚ್ ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ, 4ಎಚ್ ಅಂದರೆ ನಾಲ್ಕಕ್ಕೂ, 4ಎಲ್ ಅಂದರೆ ನಾಲ್ಕಕ್ಕೂ ನಿಧಾನವಾದ, ಹೆಚ್ಚು ಎಳೆತದ ಗೇರು. ಪಕ್ಕದ ಖಾಲಿ ಸೈಟಿನ ಮಣ್ಣಿನಲ್ಲಿ 4ಎಚ್‌ಗೆ ತಿರುಗಿಸಿದರೆ ಲೈಟ್ ಮಿಣಮಿಣ ಅನ್ನುತ್ತಲೇ ಇತ್ತು, ನಿಲ್ಲಲಿಲ್ಲ, ಮುಂದಿನ ಚಕ್ರಕ್ಕೆ ಶಕ್ತಿ ಹೋಗಲಿಲ್ಲ. ಓನರನ್ನು ಕೇಳಿದರೆ ಏಳು ವರ್ಷದಲ್ಲಿ ಎರಡು ಮೂರು ಸಲ ಹಾಕಿರಬಹುದು ಅಂದರು. ಇದು ಗಾಡಿಯ ತಪ್ಪಲ್ಲ, ಬಳಸದೆ ಬಿಟ್ಟರೆ ಹಾಗೇ ಆಗೋದು. ಒಳಗಿನ ಭಾಗ ಅಲುಗಾಡದೆ ಜಾಮ್ ಆಗಿರುತ್ತದೆ. ತಿಂಗಳಿಗೆ ಒಂದು ಸಲವಾದರೂ ಮಣ್ಣು ರಸ್ತೆಯಲ್ಲಿ ಹಾಕಿ ಒಂದೆರಡು ಕಿಲೋಮೀಟರ್ ಓಡಿಸಬೇಕು. ಮಣ್ಣು ರಸ್ತೆ ಅಂತ ಯಾಕೆ ಹೇಳಿದೆ ಅಂದರೆ ಇದು ಪಾರ್ಟ್ ಟೈಮ್ ಫೋರ್ ವೀಲ್, ಅಂದರೆ ಜಾರುವ ನೆಲದಲ್ಲಿ ಬೇಕಾದಾಗ ಮಾತ್ರ ಹಾಕುವಂಥದ್ದು, ಒಣ ಡಾಂಬರಿನ ಮೇಲೆ ಹಾಕಿ ತಿರುವಿನಲ್ಲಿ ತಿರುಗಿಸಿದರೆ ಗೇರು, ಆಕ್ಸಲ್ ಎಲ್ಲ ಬಿಗಿದುಕೊಂಡು ಹಾಳಾಗುತ್ತದೆ. ನೀವು ನೋಡಲು ಹೋದಾಗ ಮಾರುವವರು "ಎಲ್ಲ ಸರಿ ಇದೆ" ಅಂದರೂ ಮಣ್ಣಿಗೆ ಇಳಿಸಿ, 4ಎಚ್ ಹಾಕಿ, ನಿಲ್ಲಿಸಿ ನ್ಯೂಟ್ರಲ್ ಮಾಡಿ 4ಎಲ್ ಹಾಕಿ, ಎರಡನ್ನೂ ನೋಡಿಯೇ ಬನ್ನಿ. ಫೋರ್ ಬೈ ಫೋರ್‌ಗೆ ಅಂತಲೇ ಅಲ್ವಾ ಇಷ್ಟು ದುಡ್ಡು ಕೊಡೋದು?

12 ಲಕ್ಷ ಹೇಳಿದ್ದರು. ಈ ರಿಪೇರಿ ಲೆಕ್ಕ ಮುಂದಿಟ್ಟು ಮಾತಾಡಿ 11.40ಕ್ಕೆ ಮುಗಿಯಿತು. ಅವರು ಏಳು ವರ್ಷದ ಸರ್ವಿಸ್ ಬಿಲ್ಲನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಆ ಫೈಲ್ ನೋಡಿದಾಗಲೇ ನನ್ನ ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು.

ಕಾಗದ ಪತ್ರದ ಬಗ್ಗೆ ಸ್ವಲ್ಪ. ದುಡ್ಡು ಕೊಡುವ ಮುಂಚೆ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಬಾಕಿ ದಂಡ, ವಿಮೆ, ಸಾಲ ಇದೆಯಾ ಅಂತ ನೋಡಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನ ಪತ್ರ, ಸಾಲದ ನಮೂದು ತೆಗೆಸುವ ಫಾರಂ 35 ಹಾಕಿ ಅದನ್ನು ತೆಗೆಸುವವರೆಗೂ ನಾನು 50 ಸಾವಿರ ಮಾತ್ರ ಅಡ್ವಾನ್ಸ್ ಕೊಟ್ಟಿದ್ದೆ. ಆಮೇಲೆ ಗಾಡಿ ಹೆಸರು ಬದಲಿಸುವ ಫಾರಂ 29, ಫಾರಂ 30ಕ್ಕೆ ಇಬ್ಬರೂ ಸಹಿ ಹಾಕಿದೆವು. ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನಿದೆ. ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರಲ್ಲ, ಅದು ಅವರ ಜೊತೆಗೇ ಹೋಗುತ್ತದೆ, ಹಾಗಾಗಿ ಪ್ರೀಮಿಯಂ ಜಾಸ್ತಿಯಾಗುತ್ತದೆ, ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ.

ತಂದ ಮೇಲೆ ಖರ್ಚು ಮಾಡಿದ್ದು ಇಷ್ಟು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಮುಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಎಲ್ಲದರ ಆಯಿಲ್ಲೂ ಫಿಲ್ಟರೂ ಬದಲಿಸಲು 19 ಸಾವಿರ. ಫೋರ್ ಬೈ ಫೋರ್ ಸರಿ ಮಾಡಲು ಅಣ್ಣನೇ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಜೋಡಿಸಿದರು, ಒಂದು ವೈರಿಂಗ್ ಭಾಗವೂ ಸೇರಿ 14 ಸಾವಿರ. ನಾಲ್ಕು ಟೈರ್ 48 ಸಾವಿರ. ಟೈರ್‌ನಲ್ಲಿ ಗೆರೆ ಇನ್ನೂ ಇತ್ತು, ಆದರೆ ಏಳು ವರ್ಷದ ರಬ್ಬರ್ ಬಿರುಕು ಬಿಟ್ಟಿತ್ತು, ಮಳೆಗಾಲ ಬೇರೆ ಹತ್ತಿರ ಬಂದಿತ್ತು. ಬ್ಯಾಟರಿ ಒಂದು. ಒಟ್ಟು 90 ಸಾವಿರದ ಹತ್ತಿರ ಹತ್ತಿರ. ಹಳೇ ಪಿಕಪ್ ತಗೊಳ್ಳುವವರು ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಕೊಟ್ಟುಬಿಡಬೇಡಿ, ಒಂದು ಲಕ್ಷ ಬೇರೆ ಎತ್ತಿಡಿ.

ಇನ್ನು ಓಡಾಟ. ಖಾಲಿ ಇದ್ದಾಗ ಹಿಂದುಗಡೆ ಕುಣಿಯುತ್ತದೆ. ಲೀಫ್ ಸ್ಪ್ರಿಂಗ್ ಇರೋದೇ ಭಾರ ಹೊರಲು, ಖಾಲಿ ತೊಟ್ಟಿಗೆ ಅದು ಬಗ್ಗಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗೆ ಹಂಪಿನಲ್ಲಿ ಸೊಂಟಕ್ಕೆ ಗೊತ್ತಾಗುತ್ತದೆ. ಸೀಟಿನ ಒರಗು ನೆಟ್ಟಗೆ ಬೇರೆ ಇದೆ. ಮೂರು ಚೀಲ ಕಾಫಿ ಹಾಕಿ ನೋಡಿ, ಅದೇ ಗಾಡಿ ಸಮಾಧಾನವಾಗಿ ಕೂತು ಹೋಗುತ್ತದೆ. ಮಗಳು ಮಂಗಳೂರಿನಲ್ಲಿ ಓದುತ್ತಾಳೆ, ತಿಂಗಳಿಗೆ ಎರಡು ಸಲ ಚಾರ್ಮಾಡಿ ಇಳಿದು ಹತ್ತುತ್ತೇವೆ. ಇಳಿಯುವಾಗ ಮೂರನೇ ಗೇರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಮೇಲೆ ಕಾಲಿಡೋದು ತಿರುವಿನಲ್ಲಿ ಮಾತ್ರ. ಹತ್ತುವಾಗ ಒಂದು ವಿಷಯ ರೂಢಿ ಮಾಡಿಕೊಳ್ಳಬೇಕು. ಇದರ ಎಳೆತ ಪೂರ್ತಿ ಸಿಗೋದು 1800 ಆರ್‌ಪಿಎಂ ಮೇಲೆ. ಹೇರ್‌ಪಿನ್‌ನಲ್ಲಿ ಎರಡನೇ ಗೇರಿನಲ್ಲೇ ಎಳೆಸೋಣ ಅಂತ ನಿಧಾನ ಮಾಡಿದರೆ ಎಂಜಿನ್ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಮೊದಲನೇ ಗೇರಿಗೆ ಹಾಕಿ ತಿರುಗಿಸಿ, ಎರಡಕ್ಕೆ ಬಂದರೆ ಆಮೇಲೆ ಆನೆ ಬಲ. ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿನ್ನುವ ಹೊತ್ತಿಗೆ ಮೊದಲೆಲ್ಲ ಭುಜ ಹಿಡಿದುಕೊಳ್ಳುತ್ತಿತ್ತು, ಈಗ ಇಲ್ಲ. ಮೈಲೇಜ್ ಊರೊಳಗೆ, ತೋಟದಲ್ಲಿ 9, ಹೈವೇಯಲ್ಲಿ 80ರಲ್ಲಿ ಹೋದರೆ 12.

ಹೋದ ವರ್ಷ ಜುಲೈಯಲ್ಲಿ ಒಂದು ರಾತ್ರಿ. ಮೂರು ದಿನದಿಂದ ಬಿಡದೆ ಮಳೆ, ಕರೆಂಟ್ ಇಲ್ಲ. ಅಮ್ಮನಿಗೆ ಜ್ವರ ಏರಿ ಉಸಿರಾಡಲು ಕಷ್ಟವಾಯಿತು. ಮನೆಯಿಂದ ಟಾರ್ ರಸ್ತೆಗೆ ಒಂದೂಕಾಲು ಕಿಲೋಮೀಟರ್, ಮಧ್ಯೆ ಮೋರಿ ಹತ್ತಿರ ಏರು. ಆ ಏರಿನಲ್ಲಿ ರಸ್ತೆಯೇ ಹಳ್ಳ ಆಗಿತ್ತು, ಸಿಲ್ವರ್ ಓಕ್ ಕೊಂಬೆ ಒಂದು ಅಡ್ಡ ಬಿದ್ದಿತ್ತು. ಅಪ್ಪ ಕತ್ತಿ ಹಿಡಿದು ಇಳಿದು ಕೊಂಬೆ ಕಡಿದರು. ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದರು. 4ಎಲ್ ಹಾಕಿ, ಮೊದಲನೇ ಗೇರಿನಲ್ಲಿ, ಎಕ್ಸಲರೇಟರನ್ನು ಸ್ವಲ್ಪವೇ ಒತ್ತಿ ಹಿಡಿದು ಬಿಟ್ಟೆ. ಚಕ್ರ ಎರಡು ಸಲ ಜಾರಿತು, ಮತ್ತೆ ಹಿಡಿಯಿತು, ಮೇಲೆ ಬಂದುಬಿಟ್ಟಿತು. ಮೂಡಿಗೆರೆ ತಲುಪಿದಾಗ ಹನ್ನೊಂದು ಗಂಟೆ. ಅಮ್ಮ ನಾಲ್ಕು ದಿನದಲ್ಲಿ ಗುಣವಾಗಿ ಮನೆಗೆ ಬಂದರು. ಅಪ್ಪ ಅದಾದ ಮೇಲೆ ಕ್ಯಾಂಪರ್ ಮಾತು ಎತ್ತಿಲ್ಲ. ಆ 14 ಸಾವಿರ ಖರ್ಚು ಮಾಡಿ ಮಳೆಗೆ ಮುಂಚೆಯೇ ಫೋರ್ ಬೈ ಫೋರ್ ಸರಿ ಮಾಡಿಸಿದ್ದಕ್ಕೆ ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ.

ಇಷ್ಟವಾಗದ್ದೂ ಇದೆ. ತಿರುಗಿಸಲು 6.3 ಮೀಟರ್ ರೇಡಿಯಸ್ ಬೇಕು. ಸಂತೆಯ ದಿನ ಪೇಟೆಯೊಳಗೆ ಒಯ್ಯೋದು ಹಿಂಸೆ, ನಾನು ಹೊರಗೆ ನಿಲ್ಲಿಸಿ ನಡೆದು ಹೋಗುತ್ತೇನೆ. ನಮ್ಮ ತೋಟದ ಗೇಟಿನ ಒಂದು ಕಂಬ ಕಿತ್ತು ಎರಡಡಿ ಹಿಂದೆ ನೆಡಬೇಕಾಯಿತು. ಕ್ಯಾಬಿನ್ ಎತ್ತರ, ವಯಸ್ಸಾದವರಿಗೆ ಹತ್ತಲು ಕಷ್ಟ. ಕಾಲಿಡಲು ಪಕ್ಕದ ಪಟ್ಟಿ ಇದ್ದರೂ ಅಮ್ಮನಿಗೆ ಸಾಲುತ್ತಿರಲಿಲ್ಲ, ಒಂದು ಸಣ್ಣ ಮರದ ಮಣೆ ಗಾಡಿಯಲ್ಲೇ ಇಟ್ಟಿದ್ದೇವೆ. ತೊಟ್ಟಿ ಮುಚ್ಚಲು ಟಾರ್ಪಾಲ್ ಸಾಲಲ್ಲ, ನಮ್ಮ ಮಳೆಗೆ ಒಳ್ಳೆ ಕವರ್ ಬೇಕೇ ಬೇಕು. ಮಹೀಂದ್ರಾ, ಟಾಟಾಗೆ ಇರುವಷ್ಟು ಸರ್ವಿಸ್ ಸೆಂಟರ್ ಇದಕ್ಕಿಲ್ಲ. ಕೊಳ್ಳುವ ಮುಂಚೆ ನಿಮ್ಮ ಊರಿಂದ ಎಷ್ಟು ದೂರ ಅಂತ ನೋಡಿಕೊಳ್ಳಿ. ಫಿಲ್ಟರ್, ಬೆಲ್ಟ್, ಬ್ರೇಕ್ ಪ್ಯಾಡ್ ನಾನು ಒಂದು ಜೊತೆ ತಂದು ಮನೆಯಲ್ಲೇ ಇಟ್ಟುಕೊಂಡಿದ್ದೇನೆ.

ಬಹಳ ಜನ ಕೇಳುವ ಇನ್ನೊಂದು ಪ್ರಶ್ನೆ, ಎಷ್ಟು ಭಾರ ಹಾಕಬಹುದು ಅಂತ. ಬಿಳಿ ಬೋರ್ಡ್ ವಿ-ಕ್ರಾಸ್ ದೊಡ್ಡದಾಗಿ ಕಂಡರೂ ಕಾಗದದ ಮೇಲೆ ಅದರ ಹೊರೆ ಕಡಿಮೆ. ನಿಮ್ಮ ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತದೆ. ಕಳೆದು, ಕೂರುವ ಜನರ ತೂಕವನ್ನೂ ಕಳೆದು ನೋಡಿ, ಉಳಿದಿದ್ದೇ ನಿಮ್ಮ ಲೆಕ್ಕ. 50 ಕೆಜಿಯ ಚೀಲ ಇಪ್ಪತ್ತು ಇಪ್ಪತ್ತು ಹೇರಿಕೊಂಡು ಹೋಗುವ ಯೋಚನೆ ಇದ್ದರೆ ಇಸುಜುವಿನದೇ ಹಳದಿ ಬೋರ್ಡ್ ಪಿಕಪ್ ಎಸ್-ಕ್ಯಾಬ್ ಅಥವಾ ಕ್ಯಾಂಪರ್ ನೋಡಿ. ಬಿಳಿ ಬೋರ್ಡಿನಲ್ಲಿ ಬಾಡಿಗೆಗೆ ಬೇರೆಯವರ ಸಾಮಾನು ಸಾಗಿಸುವ ಹಾಗಿಲ್ಲ. ಹಿಂದೆ ತೊಟ್ಟಿಯಲ್ಲಿ ಕೆಲಸದವರನ್ನು ಕೂರಿಸಿಕೊಂಡು ಹೋಗೋದಂತೂ ಬೇಡವೇ ಬೇಡ. ನಮ್ಮ ಕಡೆ ಇದು ರೂಢಿ ಆಗಿದೆ, ಅಪಘಾತ ಆದಾಗ ಸಾಯೋದು ತೊಟ್ಟಿಯಲ್ಲಿದ್ದವರೇ. ನಾನು ಕೆಲಸದವರನ್ನು ಸೀಟಿನಲ್ಲಿ ಕೂರಿಸಿಕೊಂಡು ಎರಡು ಟ್ರಿಪ್ ಹೊಡೆಯುತ್ತೇನೆ, ಡೀಸೆಲ್ ಹೋದರೆ ಹೋಗಲಿ.

ಈಗ ಹಂಪ್ ಇಳಿಯುವಾಗ ಹಿಂದಿನ ಎಡಗಡೆ ಕಿಟಕಿಟ ಅಂತ ಸದ್ದು ಶುರುವಾಗಿದೆ. ಅಣ್ಣ ಅಡಿಗೆ ಹೋಗಿ ನೋಡಿ, ಲೀಫ್ ಸ್ಪ್ರಿಂಗ್‌ನ ಬುಷ್ ಸವೆದಿದೆ, ಇನ್ನು ಮೂರು ತಿಂಗಳು ಓಡುತ್ತದೆ ಅಂದಿದ್ದಾರೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ಅಷ್ಟರೊಳಗೆ ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸೋಣ ಅಂತ ಹೇಳಿಟ್ಟಿದ್ದೇನೆ. ಯಾರಾದರೂ ನಮ್ಮ ಕಡೆ ವಿ-ಕ್ರಾಸ್ ನೋಡಲು ಬರುವುದಿದ್ದರೆ ಕೇಳಿ, ಟಾರ್ಚು, ಗೋಣಿಚೀಲ ತಗೊಂಡು ನಾನೂ ಬರುತ್ತೇನೆ.